ಉಪವಾಸದ ಉಪ್ಪು

ತೋಳಿಗೆ ಸುತ್ತಿದ ಪಟ್ಟಿಯಿಂದ ಗಾಳಿ ಹೊರಟುಹೋಗುವ ಸದ್ದು ಜನಾಬಾಯಿಗೆ ಕೇಳಿಸಿತು. ಡಾಕ್ಟರು ಮತ್ತೊಮ್ಮೆ ಗಾಳಿ ತುಂಬಿದರು, ಮತ್ತೊಮ್ಮೆ ಬಿಟ್ಟರು. ತನ್ನ ಮುಂದಿನವರನ್ನೆಲ್ಲ ಒಂದೇ ಸಲಕ್ಕೆ ನೋಡಿ ಕಳಿಸಿದವರು ತನ್ನನ್ನು ಎರಡನೆಯ ಸಲ ನೋಡುತ್ತಿದ್ದಾರೆಂದರೆ ಏನೋ ಕೆಟ್ಟಿದೆ ಎಂದು ಅವಳು ತಿಳಿದುಕೊಂಡಳು.

ಅದು ಎಪ್ಪತ್ತೆಂಟರ ದೀಪಾವಳಿ ಕಳೆದ ಮೇಲಿನ ಮಾತು. ಜಹೀರಾಬಾದಿನ ಶಾಲೆಯೊಂದರಲ್ಲಿ ಕಣ್ಣಿನ ಕ್ಯಾಂಪು ನಡೆದಿತ್ತು. ಗಂಡ ಆತ್ಮಾರಾಮ ಒಂದು ಕೈ, ಸೊಸೆ ದ್ರೌಪದಿ ಒಂದು ಕೈ ಹಿಡಿದು ಅವಳನ್ನು ತಮ್ಮೂರು ಕಲ್ಹೇರಿನಿಂದ ಬಸ್ಸು ಹತ್ತಿಸಿ ಕರೆತಂದಿದ್ದರು. ಬಲಗಣ್ಣಿನಲ್ಲಿ ಹಾಲಿನ ಕೆನೆಯಂತೆ ಪೊರೆ ಕಟ್ಟಿ ಏನೂ ಕಾಣದಾಗಿತ್ತು. ಎಡಗಣ್ಣಿಗೆ ಮನುಷ್ಯರು ಮಂಜಿನಲ್ಲಿ ಸರಿಯುವ ಗಿಡಗಳ ಹಾಗೆ ಕಾಣುತ್ತಿದ್ದರು.

ಹೈದರಾಬಾದಿನ ಡಾಕ್ಟರು ಉರ್ದುವಿನಲ್ಲಿ ಹೇಳಿದ್ದನ್ನು ಪಕ್ಕದಲ್ಲಿದ್ದ ಕಾಂಪೌಂಡರ್ ಕನ್ನಡಕ್ಕೆ ತಿರುಗಿಸಿದ.

"ಬಿ.ಪಿ. ಭಾಳ ಅದ ಅವ್ವ. ಮ್ಯಾಲಿಂದು ಇನ್ನೂರು ದಾಟ್ಯಾದ. ಇಂಥಾ ಹಾಲತ್ತಿನಾಗ ಕಣ್ಣು ಕೊಯ್ದ್ರ ಒಳಗ ರಕ್ತ ಒಡೀತದ, ಕಣ್ಣೇ ಹೋಗ್ತದ. ಇವತ್ತ ಆಗಾಂಗಿಲ್ಲ."

"ಮತ್ತ ಯಾವಾಗರಿ?" ಎಂದ ಆತ್ಮಾರಾಮ.

"ಶಿವರಾತ್ರಿ ಮುಂಚಿ ಇಲ್ಲೇ ಇನ್ನೊಂದು ಕ್ಯಾಂಪ್ ಅದ. ಅಷ್ಟರಾಗ ಬಿ.ಪಿ. ಇಳಿಸ್ಕೊಂಡು ಬರ್ರಿ. ಬಲಗಣ್ಣು ಪೂರಾ ಹಣ್ಣಾಗ್ಯಾದ. ಅದಕ್ಕಿಂತ ತಡಾ ಮಾಡಿದ್ರ ಒಳಗೇ ಬಿರದು ನೋವು ಏಳ್ತದ. ಆಮ್ಯಾಲ ಯಾರ ಕೈಲೂ ಆಗಾಂಗಿಲ್ಲ."

ಹೊರಗೆ ಅಂಗಳದಲ್ಲಿ, ಆಪರೇಶನ್ನಿಗೆ ಆರಿಸಿದವರ ಹೆಸರನ್ನು ಯಾರೋ ಗಟ್ಟಿಯಾಗಿ ಕೂಗುತ್ತಿದ್ದರು. ಜನಾಬಾಯಿ ತನ್ನ ಹೆಸರು ಬರುವುದಿಲ್ಲವೆಂದು ಗೊತ್ತಿದ್ದೂ ಕಿವಿಗೊಟ್ಟು ಕೇಳಿದಳು. ಕೊನೆಯ ಹೆಸರಿನ ತನಕ ಕೇಳಿ ಆಮೇಲೆ ಎದ್ದಳು.

ಮೊದಲು ಅವಳು ಹೀಗೆ ಕೈ ಹಿಡಿಸಿಕೊಂಡು ನಡೆಯುವವಳಲ್ಲ. ಬಿತ್ತನೆಯ ಹೊತ್ತಿನಲ್ಲಿ ಕೂರಿಗೆಯ ಹಿಂದೆ ಕಾಳು ಬಿಡಲು ಊರವರು ಅವಳನ್ನೇ ಕರೆಯುತ್ತಿದ್ದರು. ಆಷಾಢಕ್ಕೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದವಳು. ಮದುವೆಯಾದ ಹೊಸತರಲ್ಲೇ ಕೊರಳಿಗೆ ತುಳಸಿಮಾಲೆ ಹಾಕಿಕೊಂಡು ಈರುಳ್ಳಿ, ಬೆಳ್ಳುಳ್ಳಿ, ಮಾಂಸ ಎಲ್ಲ ಬಿಟ್ಟವಳು. ಈಗ ನಸುಕಿನಲ್ಲಿ ಬಯಲಿಗೆ ಹೋಗಬೇಕಾದರೂ ಸೊಸೆಯ ಸೆರಗು ಹಿಡಿಯಬೇಕಾಗಿತ್ತು. ಅಲ್ಲಿ ಸೊಸೆ ಮುಖ ಆಚೆ ತಿರುಗಿಸಿ ನಿಂತಿರುತ್ತಾಳೆಂದು ಜನಾಬಾಯಿಗೆ ಗೊತ್ತಿತ್ತು. ಆದರೂ ಪ್ರತಿ ದಿನ ನಾಚಿಕೆಯಿಂದ ತನ್ನ ಮೈ ಹಿಡಿಯಷ್ಟಾಗುತ್ತಿತ್ತು.

ನಾರಾಯಣಖೇಡದಲ್ಲಿ ಒಬ್ಬ ಡಾಕ್ಟರಿದ್ದರು. ಬೀದರ ಕಡೆಯವರು, ಮನೆಯ ಮಾತೇ ಮಾತಾಡುತ್ತಿದ್ದರು. ಗುಳಿಗೆ ಬರೆದುಕೊಟ್ಟು, "ಇದೊಂದನ್ನೇ ನಂಬಬ್ಯಾಡ ಜನಾಬಾಯಿ," ಎಂದರು. "ಉಪ್ಪು ಬಿಡಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ ಬಿಡಬೇಕು. ಕರದದ್ದು ಬ್ಯಾಡ. ಮುಂಜಾನಿ ಸಂಜಿ ಬೆವರು ಬರೋಹಂಗ ನಡೀಬೇಕು. ಆಗ್ತದೇನು?"

"ಬಿಡೂದು ನನಗೇನ ಹೊಸಾದಲ್ಲರಿ," ಎಂದಳು ಜನಾಬಾಯಿ. ಅವಳ ದನಿಯಲ್ಲಿ ಸ್ವಲ್ಪ ಬಿಂಕವೂ ಇತ್ತು.

ಮನೆಗೆ ಬಂದವಳೇ ಸೊಸೆಯನ್ನು ಕರೆದಳು. "ಇವತ್ತಿನಿಂದ ನನಗ ದಿನಾ ಏಕಾದಶಿ ಅಂತ ತಿಳಕೋ. ನನ್ನ ಗಡಿಗಿ ಬ್ಯಾರೆ, ನನ್ನ ಬ್ಯಾಳಿ ಬ್ಯಾರೆ. ಉಪ್ಪಿನ ಮಡಕಿ ಮುಟ್ಟಿದ ಕೈಯಿಂದ ನನ್ನ ಹಿಟ್ಟು ಮುಟ್ಟಬ್ಯಾಡ."

"ಮತ್ತ ರುಚಿಗಿ ಏನ್ ಹಾಕಲಿರಿ, ಅತ್ತಿ?"

"ಏಕಾದಶಿ ದಿನ ಏನ್ ಹಾಕ್ತಿ? ಅದೇ."

ಏಕಾದಶಿಯ ದಿನ ಆ ಮನೆಯಲ್ಲಿ ಹಾಕುತ್ತಿದ್ದದ್ದು ಸೈಂಧವ ಲವಣ. ಸಂತೆಯಲ್ಲಿ ಗುಲಾಬಿ ಬಣ್ಣದ ಕಲ್ಲಿನ ಹಾಗೆ ಸಿಗುತ್ತದೆ, ಕುಟ್ಟಿ ಪುಡಿ ಮಾಡಿ ಇಡುತ್ತಾರೆ. ಉಪವಾಸಕ್ಕೆ ಉಪ್ಪು ನಿಷಿದ್ಧ, ಸೈಂಧವ ನಡೆಯುತ್ತದೆ. ಅತ್ತೆಯ ಅತ್ತೆಯ ಕಾಲದಿಂದ ಅದು ಉಪ್ಪಿನ ಲೆಕ್ಕಕ್ಕೆ ಬಂದದ್ದೇ ಇಲ್ಲ. ದ್ರೌಪದಿ ತಾಂಡೂರ ಕಡೆಯ ಹುಡುಗಿ. ಅವಳ ಅಪ್ಪ ಅಲ್ಲಿ ಕಲ್ಲಿನ ಖಣಿಯಲ್ಲಿ ಚಪ್ಪಡಿ ಒಡೆಯುತ್ತಿದ್ದ. ತವರಿನಲ್ಲಿ ಯಾರೂ ಮಾಲೆ ಹಾಕಿದವರಲ್ಲ. ಅವಳು ಏನೋ ಕೇಳಬೇಕೆಂದು ಬಾಯಿ ತೆರೆದು ಮುಚ್ಚಿಕೊಂಡಳು. ಮದುವೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಗಂಡ ನಾಮದೇವ ಕಬ್ಬಿನ ಬಂಡಿ ಹೊಡೆಯಲು ಹೋದವನು ಹಂಗಾಮು ಮುಗಿಯುವ ತನಕ ಮನೆಯಲ್ಲಿರುತ್ತಿರಲಿಲ್ಲ.

ನಡೆಯುವುದೇ ದೊಡ್ಡ ಪ್ರಶ್ನೆಯಾಯಿತು. ಕಣ್ಣು ಕಾಣದವಳು ಎಲ್ಲಿ ನಡೆದಾಳು? ಸೊಸೆಯ ಕೈ ಹಿಡಿದು ಊರೊಳಗೆ ಸುತ್ತಲು ಅವಳು ಒಪ್ಪಲಿಲ್ಲ. ಆತ್ಮಾರಾಮ ಯೋಚಿಸಿ ಅವಳನ್ನು ಕಣಕ್ಕೆ ಕರೆದುಕೊಂಡು ಹೋದ. ರಾಶಿಯ ಕಾಲದಲ್ಲಿ ಎತ್ತುಗಳನ್ನು ಸುತ್ತಿಸುವ ಮೇಟಿ ಕಂಬ ಹೋದ ವರ್ಷದ್ದು ಹಾಗೆಯೇ ನಿಂತಿತ್ತು. ಅದಕ್ಕೆ ಹಗ್ಗ ಕಟ್ಟಿ ತುದಿಯನ್ನು ಅವಳ ಕೈಗೆ ಕೊಟ್ಟು, "ಹಗ್ಗ ಬಿಗಿ ಹಿಡಿದು ಸುತ್ತ ಹೊಡಿ, ಎಲ್ಲೂ ಎಡವಂಗಿಲ್ಲ," ಎಂದ.

ಮೊದಲ ದಿನ ಹಗ್ಗ ಕಂಬಕ್ಕೆ ಸುತ್ತಿಕೊಳ್ಳುತ್ತ ಹೋಗಿ, ಗಿಡ್ಡವಾಗಿ, ಅವಳನ್ನು ಎಳೆತಂದು ಹಣೆಯನ್ನು ಮೇಟಿಗೇ ಬಡಿಸಿತು. ಮರುದಿನ ಆತ್ಮಾರಾಮ ಬಂಡಿಯ ಹಳೆಯ ಕಬ್ಬಿಣದ ಬಳೆಯೊಂದನ್ನು ಕಂಬಕ್ಕೆ ಸಡಿಲವಾಗಿ ತೊಡಿಸಿ ಅದಕ್ಕೆ ಹಗ್ಗ ಕಟ್ಟಿದ. ಬಳೆ ಅವಳ ಜೊತೆಗೇ ತಿರುಗಿತು. ಎಳೆಬಿಸಿಲಿನಲ್ಲಿ ಕಬ್ಬಿಣ ಮರಕ್ಕೆ ಉಜ್ಜುವ ಕಿರ್ರೆನ್ನುವ ಸದ್ದಿಗೆ ಹೆಜ್ಜೆ ಕೂಡಿಸಿ, ವಿಠ್ಠಲ ವಿಠ್ಠಲ ಎಂದು ಒಳಗೇ ಅನ್ನುತ್ತ ಅವಳು ಸುತ್ತುತ್ತಿದ್ದಳು.

ನೆರೆಮನೆಯ ಹಣಮಮ್ಮ ಸಗಣಿ ಬುಟ್ಟಿ ಹೊತ್ತು ನಿಂತು ನಕ್ಕಳು. "ಯಾಕ ಜನಾಬಾಯಿ, ಎತ್ತು ಮಾರಿಬಿಟ್ರೇನ? ಈ ವರ್ಷ ನೀನೇ ರಾಶಿ ತುಳ್ಯಾಕಿ ಏನು?"

"ಎತ್ತಿಗಿ ಬಾರುಕೋಲು ಬೇಕು ಹಣಮಮ್ಮ. ನನಗ ಡಾಕ್ಟರನ ಮಾತೇ ಸಾಕು."

ತಿಂಗಳಾದ ಮೇಲೆ ನಾರಾಯಣಖೇಡಕ್ಕೆ ಹೋದಾಗ ಅವಳಿಗೆ ಮನಸ್ಸಿನಲ್ಲಿ ಅನುಮಾನವೇ ಇರಲಿಲ್ಲ. ಮೈ ಹಗುರಾಗಿತ್ತು. ಪಟ್ಟಿ ಬಿಗಿಯಿತು, ಸಡಿಲಾಯಿತು. ಡಾಕ್ಟರ ಕುರ್ಚಿ ಹಿಂದಕ್ಕೆ ಸರಿದ ಸದ್ದು ಬಂತು.

"ಇಳದೇ ಇಲ್ಲ. ಉಪ್ಪು ತಿನ್ನಾಕತ್ತಿ ನೀ."

"ಇಲ್ಲರಿ."

"ಸ್ವಲ್ಪ?"

ಜನಾಬಾಯಿ ಕೊರಳಿನ ಮಾಲೆಯನ್ನು ಮುಷ್ಟಿಯಲ್ಲಿ ಹಿಡಿದಳು. "ಇದ ಮುಟ್ಟಿ ಹೇಳ್ತೀನ್ರಿ. ಒಂದು ಹಳ್ಳು ಉಪ್ಪು ಬಾಯಿಗಿ ಹೋಗಿಲ್ಲ."

ಮಾಲೆ ಹಾಕಿದವರು ಅದನ್ನು ಹಿಡಿದು ಸುಳ್ಳು ಹೇಳುವುದಿಲ್ಲವೆಂದು ಡಾಕ್ಟರಿಗೂ ಗೊತ್ತಿತ್ತು. "ಹಂಗಾದ್ರ ನಿನಗ ಗೊತ್ತಿಲ್ಲದಂಗ ಯಾರೋ ಹಾಕಾಕತ್ತಾರ. ಅಡಗಿ ಯಾರು ಮಾಡ್ತಾರ?" ಎಂದರು.

ಜೊತೆಗೆ ಬಂದಿದ್ದ ಆತ್ಮಾರಾಮ ಹೆಂಡತಿಯ ಕೈ ಹಿಡಿದು ಎಬ್ಬಿಸಿದ. ಮನೆಯ ಹೊಸ್ತಿಲು ದಾಟಿದ ಮೇಲೆ ಚಪ್ಪಲಿ ಬಿಡುತ್ತ ಬಿಡುತ್ತಲೇ ಅಂದ: "ದ್ರೌಪದಿ, ನಿನ್ನ ಕೈ ಅದಲುಬದಲು ಆಗ್ತದೇನು ನೋಡು."

"ಏನಾಯ್ತು ಮಾವಾ?"

"ಮುದುಕಿ ಕಣ್ಣು ಕಾಣಂಗಿಲ್ಲ ಅಂತ ಯಾರೂ ಏನೂ ಮಾಡಬಾರದು. ಅಷ್ಟೇ."

ಆ ಮಾತು ಅಡುಗೆಮನೆಯಲ್ಲಿ ಹೊಗೆಯಂತೆ ನಿಂತುಬಿಟ್ಟಿತು. ಸೊಸೆ ರೊಟ್ಟಿ ಬಡಿಯುವ ಸದ್ದು ಆ ದಿನದಿಂದ ಬೇರೆಯಾಯಿತು. ಜನಾಬಾಯಿ ಕೇಳುತ್ತ ಕೂತಿರುತ್ತಿದ್ದಳು. ಡಬ್ಬಿಯ ಮುಚ್ಚಳ ತೆರೆದರೆ, ಯಾವ ಡಬ್ಬಿ? ಕೈ ಕೊಡವಿದರೆ, ಏನು ಕೊಡವಿದಳು? ಹುಡುಗಿಯ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಆದರೆ ಬಲಗಣ್ಣಿನ ಹಿಂದೆ ಆಗಾಗ ಒಂದು ಚುಚ್ಚು ಏಳತೊಡಗಿತ್ತು. ಅದು ಎದ್ದಾಗಲೆಲ್ಲ ಕಾಂಪೌಂಡರ್ ಹೇಳಿದ್ದು ನೆನಪಾಗುತ್ತಿತ್ತು, ನೆನಪಾದ ಕೂಡಲೇ ಯಾರನ್ನಾದರೂ ದೂರಬೇಕೆನಿಸುತ್ತಿತ್ತು.

ಹಣಮಮ್ಮ ಬಂದು ಕಿವಿಯಲ್ಲಿ ಹೇಳಿದಳು. "ಹೊಸಾ ಸೊಸಿ. ಅತ್ತಿ ಕಣ್ಣು ಬಂದ್ರ ಅಕಿಗಿ ಏನ್ ಲಾಭ? ಕಾಣದಿದ್ರ ಮನಿ ಅಕಿದೇ ಅಲ್ಲ?"

"ಹೊಲಸ ಮಾತ ಆಡಬ್ಯಾಡ," ಎಂದಳು ಜನಾಬಾಯಿ. ಆದರೆ ಮರುದಿನದಿಂದ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತೇನೆಂದು ಒಲೆಯ ಮುಂದೆ ಕೂತಳು. ಹೆಂಚಿಗೆ ಬೆರಳು ತಗುಲಿ ಬೊಬ್ಬೆಗಳೆದ್ದವು. ಅರೆಬೆಂದ ರೊಟ್ಟಿ ತಿಂದಳು. ಸೈಂಧವದ ಡಬ್ಬಿಯನ್ನು ತನ್ನ ತಲೆದಿಂಬಿನ ಹತ್ತಿರ ಇಟ್ಟುಕೊಂಡಳು. ಉಪ್ಪಿನಷ್ಟು ತೀಕ್ಷ್ಣವಲ್ಲವೆಂದು ಧಾರಾಳವಾಗಿಯೇ ಹಾಕಿಕೊಂಡಳು. ದ್ರೌಪದಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ನಿಂತಿರುವುದು ಬಳೆಯ ಸದ್ದಿನಿಂದ ತಿಳಿಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ನಾರಾಯಣಖೇಡ. ಮತ್ತೆ ಅದೇ ಪಟ್ಟಿ, ಅದೇ ಕುರ್ಚಿಯ ಸದ್ದು.

"ಈ ಸಲ ಅಡಗಿ ನಾನೇ ಮಾಡ್ಕೊಂಡೀನ್ರಿ," ಎಂದಳು ಜನಾಬಾಯಿ, ಡಾಕ್ಟರು ಬಾಯಿ ತೆರೆಯುವ ಮುಂಚೆಯೇ.

"ಹಂಗಾದ್ರ ನನಗೂ ತಿಳೀವಲ್ದು," ಎಂದರು ಅವರು. "ಕ್ಯಾಂಪ್ ಮೂರು ವಾರಕ್ಕ ಬಂತು. ಹಿಂಗೇ ಹೋದ್ರ ಅವರು ಮತ್ತ ವಾಪಸ್ ಕಳಸ್ತಾರ. ಬಲಗಣ್ಣಿನ ಆಸಿ ಬಿಡಬೇಕಾಗ್ತದ."

ಆ ದಿನ ಮನೆಗೆ ಬಂದಾಗ ದ್ರೌಪದಿ ಹೊಸ್ತಿಲಲ್ಲೇ ಕೇಳಿದಳು. "ಇಳೀತೇನ್ರಿ?"

ಆತ್ಮಾರಾಮ ಇಲ್ಲವೆಂದು ತಲೆಯಾಡಿಸಿರಬೇಕು. ಆಮೇಲೆ ದ್ರೌಪದಿ ಒಳಗೆ ಹೋದಳು. ನೀರು ಸುರಿದ ಸದ್ದು, ಬಟ್ಟಲು ಬಟ್ಟಲಿಗೆ ತಾಗಿದ ಸದ್ದು. ಬಂದು ಅತ್ತೆಯ ಮುಂದೆ ಕೂತಳು.

"ಮಾವಾ, ನೀವೂ ಇಲ್ಲಿ ಬರ್ರಿ. ನಾ ಏನ್ ಹಾಕ್ತೀನಿ ನೋಡ್ರಿ. ಬಾಯಿ ಬಿಡಬ್ಯಾಡ್ರಿ." ಬಟ್ಟಲುಗಳಲ್ಲಿ ಏನೋ ಉದುರಿಸಿ ಕಲಕಿದ ಸದ್ದು ಬಂತು. "ಅತ್ತಿ, ಎರಡು ಬಟ್ಟಲ ನೀರು ಅವ. ಒಂದರಾಗ ಮಡಕಿ ಉಪ್ಪು, ಒಂದರಾಗ ನಿಮ್ಮ ಉಪಾಸದ್ದು. ನಾಲಿಗಿಗಿ ಹಚ್ಚಿ ಉಗುಳ್ರಿ. ಯಾವುದು ಯಾವುದು ಹೇಳ್ರಿ."

"ಏನಿದು ಆಟ?"

"ನನ್ನ ಮ್ಯಾಲ ಮಾತು ಬಂದದರಿ. ಒಂದು ಸಲ ಹೇಳಿಬಿಡ್ರಿ, ನಿಮ್ಮ ಕಾಲು ಬೀಳ್ತೀನಿ."

ಮೊದಲ ಬಟ್ಟಲಿನಲ್ಲಿ ಬೆರಳದ್ದಿ ಜನಾಬಾಯಿ ನಾಲಿಗೆಗೆ ಹಚ್ಚಿಕೊಂಡಳು. ಬಾಯಿ ತೊಳೆದು ಎರಡನೆಯದನ್ನು ಹಚ್ಚಿಕೊಂಡಳು. ಇಷ್ಟು ವರ್ಷ ಏಕಾದಶಿ ಮಾಡಿದ ನಾಲಿಗೆ. ಇದು ತಿಳಿಯದೆ ಇರುತ್ತದೆಯೇ? ಮತ್ತೊಮ್ಮೆ ಮೊದಲಿನದನ್ನು ನೆಕ್ಕಿದಳು.

"ಇದು," ಎಂದು ಮೊದಲ ಬಟ್ಟಲಿನ ಅಂಚು ತಟ್ಟಿದಳು. "ಇದು ಉಪಾಸದ್ದು. ಮೆತ್ತಗ ಅದ. ಅದು ಉಪ್ಪು."

ಆತ್ಮಾರಾಮ ಕೆಮ್ಮಿದ. ಮಡಕೆಯ ಉಪ್ಪು ಯಾವುದರಲ್ಲಿ ಬಿತ್ತೆಂದು ಅವನು ಕಣ್ಣಾರೆ ನೋಡಿದ್ದ.

"ಜನೀ," ಎಂದ ಅವನು ಕೊನೆಗೆ. "ಅದು ಮಡಕಿ ಉಪ್ಪು."

ಜನಾಬಾಯಿಯ ಕೈ ಬಟ್ಟಲಿನ ಮೇಲೆಯೇ ನಿಂತಿತು.

"ಎರಡೂ ಒಂದೇ ಅತ್ತಿ," ಎಂದಳು ದ್ರೌಪದಿ. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದಲ ದಿನಾನೇ ಅನಿಸ್ತು ನನಗ. ನಮ್ಮವ್ವನ ಮನ್ಯಾಗ ಮಾಲಿ ಹಾಕಿದ ಮಾಳಕರಿ ಯಾರೂ ಇಲ್ಲ, ನಾ ಏನ್ ಬಲ್ಲೆ, ಅಂತ ಸುಮ್ಮನಾದೆ. ಹೇಳಿದ್ರ ದೇವರ ವಿಷಯದಾಗ ಮಾತಾಡ್ತಾಳ ಅಂತೀರಿ ಅಂತ ಹೆದರಿದೆ."

ಕಣ್ಣಿನ ಮಾತು ಜನಾಬಾಯಿಯ ತಲೆಗೆ ಆಮೇಲೆ ಬಂತು. ಮೊದಲು ಬಂದದ್ದು ಅಷ್ಟೂ ವರ್ಷದ ಏಕಾದಶಿಗಳು. ಕೊರಳ ಮಾಲೆಯನ್ನು ಬೆರಳಲ್ಲಿ ತಿರುವುತ್ತ ಅವಳು ಮೆಲ್ಲಗೆ ಕೇಳಿದಳು. "ಹಂಗಾರ ನಾ ಮಾಡಿದ ಉಪಾಸೆಲ್ಲಾ?"

"ವಿಠ್ಠಲಗ ನಡೀತದರಿ," ಎಂದಳು ದ್ರೌಪದಿ. "ಡಾಕ್ಟರಗ ನಡ್ಯಾಂಗಿಲ್ಲ."

ಆತ್ಮಾರಾಮನಿಗೆ ನಗು ತಡೆಯಲಾಗಲಿಲ್ಲ. ನಕ್ಕವನು ಎದ್ದು ಹೊರಗೆ ಹೋದ. ಸೊಸೆಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ. ಸಂಜೆ ಅವಳಿಗೆಂದು ಅಂಗಡಿಯಿಂದ ಬೆಲ್ಲದ ಶೇಂಗಾ ಚಿಕ್ಕಿ ತಂದು ಒಲೆಯ ಕಟ್ಟೆಯ ಮೇಲೆ ಇಟ್ಟು ಹೋದ. ಜನಾಬಾಯಿ ತಲೆದಿಂಬಿನ ಹತ್ತಿರದ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟಳು. "ಅಡಗಿ ನೀನೇ ಮಾಡು. ನನ್ನ ಬೆರಳು ಸುಟ್ಟು ಹೋಗ್ಯಾವ," ಎಂದಷ್ಟೇ ಹೇಳಿದಳು.

ಉಳಿದದ್ದು ಮೂರು ವಾರ. ಅದರಲ್ಲಿ ಮೊದಲ ವಾರ ಎಂಥದೆಂದು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ. ಜೋಳದ ರೊಟ್ಟಿ ಬಾಯಲ್ಲಿ ಮಣ್ಣಾಗುತ್ತಿತ್ತು. ಬೇಳೆ ಬಿಸಿನೀರಾಗುತ್ತಿತ್ತು. ದ್ರೌಪದಿ ಪುಂಡಿಪಲ್ಲೆ ಸೊಪ್ಪನ್ನು ಹುಳಿಯಾಗಿಯೇ ಬೇಯಿಸಿದಳು, ಹಸಿಮೆಣಸಿನಕಾಯಿ ಸುಟ್ಟು ನಿಂಬೆರಸ ಹಿಂಡಿ ಕೊಟ್ಟಳು, ಸಪ್ಪೆ ಶೇಂಗಾ ಹುರಿದು ಪುಡಿ ಮಾಡಿ ಮೊಸರಿಗೆ ಕಲಸಿದಳು. "ಈಗ ರುಚಿ ಹ್ಯಾಂಗದರಿ?" ಎಂದು ಕೇಳಿದರೆ, "ನಿನ್ನ ಗಂಡನ ಬಂಡಿ ಎತ್ತಿಗಿ ಹಾಕು, ಅವೂ ತಿನ್ನಾಂಗಿಲ್ಲ," ಎನ್ನುತ್ತ ಜನಾಬಾಯಿ ತಿನ್ನುತ್ತಿದ್ದಳು. ಭಜನೆಯ ಮನೆಯಲ್ಲಿ ದ್ವಾದಶಿಯ ಪ್ರಸಾದವೆಂದು ಉಪ್ಪು ಹಾಕಿದ ಬಿಸಿ ಕಡಲೆ ಉಸುಳಿ ಅಂಗೈಗೆ ಬಿತ್ತು. ಪ್ರಸಾದ ಬೇಡವೆನ್ನುವಂತಿಲ್ಲ. ಒಗ್ಗರಣೆಯ ವಾಸನೆಗೆ ಬಾಯಲ್ಲಿ ತಾನಾಗಿಯೇ ನೀರೂರಿತು. ಕಾಣದ ಕಣ್ಣುಗಳಿಗೆ ಒತ್ತಿಕೊಂಡು, ಪಕ್ಕದಲ್ಲಿ ಕೂತ ಸೊಸೆಯ ಕೈ ಹುಡುಕಿ ಅದರಲ್ಲಿ ಹಾಕಿದಳು.

ಕ್ಯಾಂಪಿನ ದಿನ ಬಸ್ಸು ದಾರಿಯಲ್ಲಿ ಕೆಟ್ಟಿತು. ಜಹೀರಾಬಾದು ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಸಾಲು ಅಂಗಳದಿಂದ ರಸ್ತೆಗೆ ಬಂದಿತ್ತು. ಜನರ ಗದ್ದಲ, ಹೆದ್ದಾರಿಯ ಲಾರಿಗಳ ಹಾರ್ನು, ಫಿನೈಲಿನ ವಾಸನೆ. ಪಟ್ಟಿ ಬಿಗಿದಾಗ ತನ್ನ ಎದೆ ಬಡಿಯುವುದು ಕಿವಿಯೊಳಗೇ ಕೇಳಿಸುತ್ತಿತ್ತು.

"ನೂರಾ ಎಂಬತ್ತು," ಎಂದ ಕಾಂಪೌಂಡರ್. "ಕಮ್ಮಿ ಆಗ್ಯಾದ. ಆದ್ರ ಸಾಲಾಂಗಿಲ್ಲ."

ಜನಾಬಾಯಿ ಎದ್ದೇಳಲಿಲ್ಲ. ಹಿಂದಿನವರು ಗುಣುಗುಟ್ಟಿದರು. ದ್ರೌಪದಿ ಮೇಜಿನ ಹತ್ತಿರ ಬಾಗಿದಳು.

"ಡಾಕ್ಟರ್ ಸಾಬ್ರ, ಬಸ್ಸು ಕೆಟ್ಟು ಬಿಸಲಾಗ ನಿಂತು ಬಂದಾರ್ರಿ. ಒಂದೀಟು ನೆಳ್ಳಾಗ ಕುಂದರಸ್ತೀನಿ. ಮತ್ತೊಂದು ಸಲ ನೋಡ್ರಿ. ಹಂಗ ಕಳಸಬ್ಯಾಡ್ರಿ."

ಕಾಂಪೌಂಡರ್ ಅದನ್ನು ಉರ್ದುವಿನಲ್ಲಿ ಹೇಳಿದ. ಡಾಕ್ಟರು ಏನೋ ಅಂದರು. "ಊಟ ಆದ ಮ್ಯಾಲ ಬರ್ರಿ. ಅದೇ ಕಡೀದು."

ಬೇವಿನ ಗಿಡದ ಕೆಳಗೆ ಕೂತರು. ಕ್ಯಾಂಪಿನವರು ಎಲ್ಲರಿಗೂ ಅನ್ನ ಸಾರು ಬಡಿಸುತ್ತಿದ್ದರು. ದ್ರೌಪದಿ ಬಟ್ಟೆಯ ಗಂಟು ಬಿಚ್ಚಿ ಮನೆಯ ರೊಟ್ಟಿ, ಮೊಸರು ಕೊಟ್ಟಳು. ತಾನೂ ಅದನ್ನೇ ತಿಂದಳು.

"ನೀ ಯಾಕ? ಹೋಗಿ ಸಾರು ಉಣ್ಣು ಹೋಗು."

"ಸುಮ್ಮನ ಉಣ್ರಿ ನೀವು. ಮಾತಾಡಿದ್ರ ಬಿ.ಪಿ. ಏರ್ತದ."

ಜನಾಬಾಯಿ ಬೆನ್ನನ್ನು ಗಿಡಕ್ಕೆ ಆನಿಸಿ ಕಣ್ಣು ಮುಚ್ಚಿದಳು. ಬಲಗಣ್ಣಿನ ಹಿಂದೆ ಚುಚ್ಚು ಎದ್ದು ನಿಂತಿತು. ಇವತ್ತು ಇಲ್ಲವಾದರೆ ಇನ್ನು ಇಲ್ಲ ಎಂಬುದು ಮನಸ್ಸಿಗೆ ಬಂದಾಗಲೆಲ್ಲ ಎದೆ ಓಡುತ್ತಿತ್ತು, ಓಡಿದರೆ ಕೆಲಸ ಕೆಡುತ್ತದೆ ಎಂದು ಇನ್ನೂ ಹೆದರಿಕೆಯಾಗುತ್ತಿತ್ತು. ದ್ರೌಪದಿ ಸೆರಗಿನಿಂದ ಗಾಳಿ ಹಾಕುತ್ತ ತಾಂಡೂರಿನ ಮಾತು ತೆಗೆದಳು. ಖಣಿಯ ತಗ್ಗಿನಲ್ಲಿ ಮಳೆನೀರು ನಿಂತರೆ ಆಕಾಶ ಹೇಗೆ ನೆಲದೊಳಗೆ ಇಳಿದು ಬಂದಂತೆ ಕಾಣುತ್ತದೆ, ಅಪ್ಪ ಚಪ್ಪಡಿ ತಟ್ಟಿ ಅದರ ದನಿ ಕೇಳುತ್ತಿದ್ದದ್ದು, ಇಂಥವೇ. ಅವಳು ಇಷ್ಟು ಮಾತಾಡಬಲ್ಲಳೆಂದು ಜನಾಬಾಯಿಗೆ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಉಸಿರು ತಂತಾನೇ ಸಾವಕಾಶವಾಯಿತು.

ಊಟದ ನಂತರ ಪಟ್ಟಿ ಬಿಗಿಯಿತು. ಸಡಿಲಾಯಿತು. ಡಾಕ್ಟರು ಎರಡನೆಯ ಸಲ ಗಾಳಿ ತುಂಬಲಿಲ್ಲ.

"ನೂರಾ ಐವತ್ತು," ಎಂದ ಕಾಂಪೌಂಡರ್. "ಚಲೇಗಾ," ಎಂದರು ಡಾಕ್ಟರು ತಾವೇ. ನಡೆಯುತ್ತದೆ ಎಂಬ ಆ ಮಾತನ್ನು ಯಾರೂ ತಿರುಗಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ಮುಂಜಾನೆ ಬಲಗಣ್ಣಿನ ಪೊರೆ ತೆಗೆದರು. ಆಮೇಲೆ ಶಾಲೆಯ ಕೋಣೆಯೊಂದರಲ್ಲಿ, ಚಾಪೆಯ ಮೇಲೆ, ತಲೆ ಅಲ್ಲಾಡಿಸದಂತೆ ಅಂಗಾತ ಮಲಗಿಸಿದರು. ಕೆಮ್ಮಬಾರದು, ಸೀನಬಾರದು, ಅಳಬಾರದು. ಜನಾಬಾಯಿ ಮೂರನ್ನೂ ಮಾಡಲಿಲ್ಲ. ಕಣ್ಣಿನ ಪಟ್ಟಿ ಬಿಚ್ಚುವ ದಿನ ಡಾಕ್ಟರು ದಪ್ಪ ಗಾಜೊಂದನ್ನು ಕಣ್ಣಿನ ಮುಂದೆ ಹಿಡಿದು ಬೆರಳೆತ್ತಿ ತೋರಿಸಿದರು. ಕಾಂಪೌಂಡರ್ ಕೇಳಿದ. "ಎಷ್ಟು ಬಟ್ಟು, ಅವ್ವ?"

ಬೆಳಕು ಒಮ್ಮೆಲೇ ನುಗ್ಗಿ ನೀರು ತರಿಸಿತು. ಅವಳು ರೆಪ್ಪೆ ಬಡಿದು, ನೋಡಿ, ಮತ್ತೆ ನೋಡಿದಳು.

"ಮೂರು," ಎಂದಳು. "ನಡುವಿನ ಬಟ್ಟಿಗಿ ಶಾಯಿ ಹತ್ತ್ಯಾದ. ತೊಳಕೊಳ್ರಿ, ಸಾಬ್."

ಕೋಣೆಯ ತುಂಬ ನಗು ಎದ್ದಿತು. ಡಾಕ್ಟರೂ ಬೆರಳು ನೋಡಿಕೊಂಡು ನಕ್ಕರು. ದ್ರೌಪದಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಾಚೆ ಹೋದಳು.

ಕಲ್ಹೇರಿಗೆ ಬಂದ ರಾತ್ರಿ ಜನಾಬಾಯಿ ಒಲೆಯ ಎದುರು, ಕ್ಯಾಂಪಿನವರು ಕೊಟ್ಟ ದಪ್ಪ ಕನ್ನಡಕ ಹಾಕಿಕೊಂಡು, ತನ್ನ ತಟ್ಟೆಯಲ್ಲಿದ್ದುದನ್ನು ಒಂದೊಂದಾಗಿ ನೋಡುತ್ತ ಕೂತಳು. ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಗಳು, ಬೇಳೆಯಲ್ಲಿ ತೇಲುವ ಕೊತ್ತಂಬರಿಯ ಎಲೆ.

"ಅತ್ತಿ," ಎಂದಳು ದ್ರೌಪದಿ. "ಕಣ್ಣಂತೂ ಬಂತು. ಇವತ್ತ ಒಂದಿನ ಒಂದು ಚಿಟಿಕಿ ಹಾಕ್ಲೇನ್ರಿ?"

"ಹಾಕು ಹಾಕು," ಎಂದಳು ಜನಾಬಾಯಿ, ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ. "ಇನ್ನ ಎಡಗಣ್ಣಿನ ಪೊರಿ ನಿಮ್ಮಪ್ಪ ಬಂದು ತಗಸ್ತಾನೇನು?"